ಕಾಯುವುದೆಂದರೆ

ನಮ್ಮ ಮಾತಿನಲ್ಲಿ ‘ಕಾಯುವುದು’ ಎಂಬ ಶಬ್ದಕ್ಕೆ ಎರಡು ಅರ್ಥ. ಕುರಿ ಮೇಯಿಸುವವನೂ ಕಾಯುತ್ತಾನೆ, ಮಳೆಗಾಗಿ ಮುಗಿಲು ನೋಡುತ್ತ ಕೂತವನೂ ಕಾಯುತ್ತಾನೆ. ಒಬ್ಬನದು ರಕ್ಷಣೆ, ಇನ್ನೊಬ್ಬನದು ಬರೀ ದಾರಿ ನೋಡುವುದು. ಜತ್ತ ತಾಲೂಕಿನವರಾದ ನಮಗೆ ಎರಡನೆಯದು ಚೆನ್ನಾಗಿ ರೂಢಿಯಾಗಿದೆ. ಮಳೆ ಕಾಯುತ್ತೇವೆ, ಕೃಷ್ಣೆಯ ನೀರು ಕಾಲುವೆಗೆ ಬರುವುದನ್ನು ಕಾಯುತ್ತೇವೆ, ಸಾಂಗಲಿಯ ಬಸ್ಸು ಕಾಯುತ್ತೇವೆ. ಹಿಂಗ ಕಾದು ಕಾದು, ಮೊದಲನೆಯ ಅರ್ಥದ ಕಾಯುವುದನ್ನೂ ನಾವು ಎರಡನೆಯದರೊಳಗೇ ಸೇರಿಸಿಬಿಟ್ಟಿದ್ದೇವೆ ಅಂತ ನನಗೆ ಬಹಳ ಸಲ ಅನ್ನಿಸಿದೆ. ಮನೆಯ ಕೂಸಿಗೆ ಏನಾದರೂ ಆಗುವ ತನಕ ಕಾಯುತ್ತೇವೆ. ಆದ ಮೇಲೆ ಮಿರಜಕ್ಕೆ ಓಡುತ್ತೇವೆ.

ಈ ಲೇಖನದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ. ತನ್ನನ್ನು ತಾನು ಕಾಯ್ದುಕೊಳ್ಳಲಾರದ ಜೀವವನ್ನು, ಇನ್ನೂ ಬಾರದ ರೋಗದಿಂದ ಕಾಯುವ ಹೊಣೆ ಯಾರದು? ತಾಯಿಯದೊ, ಮನೆಯವರದೊ, ಊರಿನದೊ, ಸರಕಾರದ್ದೊ? ಬರೀ ಮಾತಿನಲ್ಲಿ ಇದನ್ನು ಬಿಡಿಸಲು ಹೋದರೆ ಎಲ್ಲರೂ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅದಕ್ಕೆ ಒಂದು ರೋಗವನ್ನೇ ಮುಂದಿಟ್ಟುಕೊಂಡು ವಿಚಾರ ಮಾಡೋಣ. ಆ ರೋಗದ ಹೆಸರು ಆರ್‌ಎಸ್‌ವಿ.

ಮೊದಲು ಮಿರಜದ ಮಾತು. ಮಿರಜದ ಹೆಸರು ತೆಗೆದರೆ ಗಡಿಭಾಗದ ಕನ್ನಡಿಗರಿಗೆ ನೆನಪಾಗುವುದು ಸಿತಾರವಲ್ಲ, ರೈಲು ಜಂಕ್ಷನ್ನೂ ಅಲ್ಲ, ದವಾಖಾನಿ. ಜತ್ತದವರಷ್ಟೇ ಅಲ್ಲ, ಅಥಣಿ, ರಾಯಬಾಗ, ಚಿಕ್ಕೋಡಿ, ವಿಜಯಪುರದ ಕಡೆಯವರೂ ಕಡೆಯ ಆಸೆ ಹೊತ್ತು ಅಲ್ಲಿಗೇ ಹೋಗುತ್ತಾರೆ. ವಿಲಿಯಂ ವಾನ್ಲೆಸ್ ಎಂಬ ಕೆನಡಾ ಮೂಲದ ಮಿಶನರಿ ಡಾಕ್ಟರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಸಾಂಗಲಿ ಮತ್ತು ಮಿರಜದ ನಡುವೆ ವಾನ್ಲೆಸವಾಡಿ ಎಂಬ ವಸತಿಗೇ ಆ ಡಾಕ್ಟರ ಹೆಸರು ಇದೆ. ಸಲ್ಲಬೇಕಾದ ಗೌರವವೇ ಅದು. ಆದರೆ ನಮ್ಮ ಉಪಕೇಂದ್ರದ ನರ್ಸಬಾಯಿಯ ಹೆಸರಿನ ವಾಡಿ ಎಲ್ಲಾದರೂ ಅದ ಏನು? ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು, ವಸ್ತಿ ವಸ್ತಿ ತಿರುಗಿ ಲಸಿಕೆ ಹಾಕಿದವಳು ಎಷ್ಟು ಮಕ್ಕಳನ್ನು ಉಳಿಸಿದಳೆಂದು ಅವಳಿಗೂ ಗೊತ್ತಿಲ್ಲ, ಉಳಿದವರಿಗಂತೂ ಗೊತ್ತೇ ಇಲ್ಲ.

ಇಲ್ಲಿಯೇ ಮೊದಲ ತೊಡಕು. ರೋಗ ವಾಸಿಯಾದವನಿಗೆ ತಾನು ಬದುಕಿದ್ದು ಗೊತ್ತಿರುತ್ತದೆ, ಡಾಕ್ಟರ ಕಾಲು ಹಿಡಿಯುತ್ತಾನೆ. ರೋಗವೇ ಬಾರದವನಿಗೆ ತಾನು ತಪ್ಪಿಸಿಕೊಂಡದ್ದು ಗೊತ್ತಾಗುವುದಿಲ್ಲ. ಆಗದೇ ಹೋದ ಕೇಡಿಗೆ ಮುಖವಿಲ್ಲ. ಆದ್ದರಿಂದ ಮುಂಜಾಗ್ರತೆಯೆಂಬುದು ಉಪಕಾರಸ್ಮರಣೆಯನ್ನು ನಂಬಿಕೊಂಡು ಮಾಡುವ ಕೆಲಸವಲ್ಲ. ಅದನ್ನು ಮಾಡುವವರು ಲೆಕ್ಕ ನಂಬಿ ಮಾಡಬೇಕು, ಇಲ್ಲವೆ ಧರ್ಮವೆಂದು ಮಾಡಬೇಕು.

“ನಾವೆಲ್ಲ ಸೂಜಿ ಇಲ್ದ ಬೆಳದಿಲ್ಲೇನು?” ಅಂತ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುತ್ತಾರೆ. ಬೆಳೆದಿದ್ದಾರೆ, ಖರೆ. ಆದರೆ ಕಟ್ಟೆಯ ಮೇಲೆ ಕೂತು ಮಾತಾಡುವವರು ಉಳಿದವರು. ಉಳಿಯದವರಿಗೆ ಕಟ್ಟೆಯಲ್ಲಿ ಜಾಗವಿಲ್ಲ, ಅವರ ಸಾಕ್ಷಿ ಯಾರೂ ಕೇಳುವುದಿಲ್ಲ. ನಮ್ಮ ಅಜ್ಜಿಯರಿಗೆ ಎಷ್ಟು ಮಕ್ಕಳು ಅಂತ ಕೇಳಿದರೆ “ಹೆತ್ತದ್ದು ಇಷ್ಟು, ಉಳದದ್ದು ಇಷ್ಟು” ಅಂತ ಎರಡು ಲೆಕ್ಕ ಹೇಳುತ್ತಿದ್ದರು. ಆ ಎರಡು ಲೆಕ್ಕದ ನಡುವಿನ ಅಂತರವೇ ನಾನು ಹೇಳುತ್ತಿರುವ ಮಾತು.

ಈಗ ರೋಗದ ವಿಚಾರ. ಆರ್‌ಎಸ್‌ವಿ ಅಂದರೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್. ಉಸಿರಾಟದ ದಾರಿಗೆ ಹತ್ತುವ ಒಂದು ವೈರಾಣು. 1956ರಲ್ಲಿ ಅಮೆರಿಕದಲ್ಲಿ ನೆಗಡಿ ಹತ್ತಿದ ಚಿಂಪಾಂಜಿಗಳಲ್ಲಿ ಇದು ಮೊದಲು ಸಿಕ್ಕಿತು. ಮರುವರ್ಷ ಅದೇ ವೈರಾಣು ಎಳೆ ಮಕ್ಕಳಲ್ಲೂ ಕಂಡಿತು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದು ಬಂದು ಹೋಗುತ್ತದೆ. ನನಗೂ ನಿಮಗೂ ಬಂದರೆ ಬರೀ ನೆಗಡಿ. ಎರಡು ತಿಂಗಳ ಕೂಸಿಗೆ ಬಂದರೆ ಹಾಗಲ್ಲ. ಅದರ ಶ್ವಾಸಕೋಶದ ಸಣ್ಣ ನಾಳಗಳು ದಾರದೆಳೆಯಷ್ಟು ಕಿರಿದು. ಅವು ಬಾತು, ಕಫ ಕಟ್ಟಿದರೆ ಗಾಳಿ ಆಡಲು ದಾರಿಯೇ ಇರುವುದಿಲ್ಲ. ಮೊಲೆ ಚೀಪಲು ದಮ್ಮು ಸಾಲುವುದಿಲ್ಲ. ಎದೆಗೂಡಿನ ಕೆಳಭಾಗ ಒಳಗೆ ಸೇದತೊಡಗುತ್ತದೆ. ಈ ವೈರಾಣುವನ್ನು ಕೊಂದು ಹಾಕುವ ಔಷಧಿ ಇಂಥ ಕೂಸಿಗೆ ಇಲ್ಲ. ನಾವು ಡಾಕ್ಟರಿಗೆ ದುಂಬಾಲು ಬಿದ್ದು ಬರೆಸಿಕೊಳ್ಳುವ ಆಂಟಿಬಯೋಟಿಕ್ ವೈರಾಣುವಿಗೆ ನಾಟುವುದಿಲ್ಲ. ಆಕ್ಸಿಜನ್ ಕೊಟ್ಟು, ನೀರಿನಂಶ ಕಡಿಮೆಯಾಗದಂತೆ ನೋಡಿಕೊಂಡು, ಕೂಸಿನ ಮೈಯೇ ಗೆಲ್ಲುವ ತನಕ ಕಾಯಬೇಕು.

ಇದು ಹೊಸ ರೋಗವೆಂದು ಯಾರೂ ತಿಳಿಯಬಾರದು. ಹೆಸರು ಹೊಸದು, ಅಷ್ಟೇ. ನಮ್ಮ ಮನೆಗಳಲ್ಲಿ ಇದಕ್ಕೆ ದೃಷ್ಟಿ ತಾಗಿತು ಅಂದಿದ್ದೇವೆ, ಥಂಡಿ ಹಿಡಿಯಿತು ಅಂದಿದ್ದೇವೆ, ಕೆಲವರು ಹೊಟ್ಟೆಗೆ ಬರೆಯನ್ನೂ ಹಾಕಿಸಿದ್ದಾರೆ. 2019ನೇ ಇಸವಿಗೆ ತಜ್ಞರು ಮಾಡಿದ ಜಗತ್ತಿನ ಲೆಕ್ಕ ಹೀಗಿದೆ: ಐದು ವರ್ಷದೊಳಗಿನ ಮಕ್ಕಳಲ್ಲಿ ಈ ವೈರಾಣುವಿನಿಂದ ಶ್ವಾಸಕೋಶದ ಕಾಯಿಲೆ ಸುಮಾರು 3 ಕೋಟಿ 30 ಲಕ್ಷ ಸಲ, ಆಸ್ಪತ್ರೆ ಸೇರಿದ್ದು 36 ಲಕ್ಷ ಸಲ, ಸಾವು 1 ಲಕ್ಷಕ್ಕೂ ಹೆಚ್ಚು. ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧ ಮಕ್ಕಳು ಆರು ತಿಂಗಳೂ ತುಂಬದವು. 100ರಲ್ಲಿ 97 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇನ್ನೊಂದು ಅಂಕಿ ನನ್ನನ್ನು ಬಹಳ ಕಾಡಿತು. ಅಷ್ಟು ಸಾವುಗಳಲ್ಲಿ ಆಸ್ಪತ್ರೆಯೊಳಗೆ ಆದವು ಸುಮಾರು 26 ಸಾವಿರ ಮಾತ್ರ. ಉಳಿದ ಮಕ್ಕಳು ಮನೆಯಲ್ಲಿ, ದಾರಿಯಲ್ಲಿ, ತಾಯಿಯ ಮಡಿಲಲ್ಲಿ ಹೋದವು. ನಮ್ಮ ಮಹಾರಾಷ್ಟ್ರದ್ದೇ ಮೇಳಘಾಟದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಹಲವು ವರ್ಷ ನಡೆಸಿದ ಅಧ್ಯಯನವೂ ಈ ವೈರಾಣು ಎಳೆ ಮಕ್ಕಳನ್ನು ಆಸ್ಪತ್ರೆಯ ಹೊರಗೇ ಒಯ್ಯುತ್ತದೆಂಬುದನ್ನು ತೋರಿಸಿತು. ಆಸ್ಪತ್ರೆಯ ಪುಸ್ತಕ ಮಾತ್ರ ನೋಡಿ ಲೆಕ್ಕ ಮಾಡಿದರೆ ಬಡವರ ಕೂಸು ಸತ್ತದ್ದೂ ಲೆಕ್ಕಕ್ಕೆ ಸಿಗುವುದಿಲ್ಲ.

ಇದಕ್ಕೆ ಲಸಿಕೆ ಕಂಡುಹಿಡಿಯುವ ಕಥೆ ಸುಲಭದ್ದಲ್ಲ. ಅದನ್ನು ಮುಚ್ಚಿಟ್ಟು ಲಸಿಕೆಯ ಪರವಾಗಿ ಮಾತಾಡುವುದು ಸರಿಯೂ ಅಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಫಾರ್ಮಲಿನ್ ಹಾಕಿ ಸಾಯಿಸಿದ ವೈರಾಣುವಿನಿಂದ ಒಂದು ಲಸಿಕೆ ಮಾಡಿ ಎಳೆ ಮಕ್ಕಳ ಮೇಲೆ ಪರೀಕ್ಷೆ ನಡೆಸಿದರು. ಮುಂದೆ ನಿಜವಾದ ರೋಗ ತಗುಲಿದಾಗ ಲಸಿಕೆ ಹಾಕಿಸಿಕೊಂಡ ಮಕ್ಕಳೇ ಹೆಚ್ಚು ಕಷ್ಟಪಟ್ಟರು. ಒಂದು ಪರೀಕ್ಷೆಯಲ್ಲಿ, ಲಸಿಕೆ ಪಡೆದು ಆಮೇಲೆ ರೋಗ ತಗುಲಿದ 100ಕ್ಕೆ 80 ಮಕ್ಕಳು ಆಸ್ಪತ್ರೆ ಸೇರಿದರು, ಎರಡು ಕೂಸು ತೀರಿಕೊಂಡವು. ಅದರಿಂದ ಸಂಶೋಧನೆ ದಶಕಗಳ ಕಾಲ ಹಿಂದೆ ಬಿತ್ತು. ಕಾರಣ ತಿಳಿದದ್ದು ಬಹಳ ತಡವಾಗಿ. ಈ ವೈರಾಣುವಿನ ಮೈಮೇಲೆ ಒಂದು ಪ್ರೋಟೀನು ಇದೆ. ಅದು ನಮ್ಮ ಜೀವಕೋಶದೊಳಗೆ ನುಗ್ಗುವ ಮುಂಚೆ ಒಂದು ಆಕಾರದಲ್ಲಿರುತ್ತದೆ, ನುಗ್ಗಿದ ಮೇಲೆ ಇನ್ನೊಂದು. ಹಳೆಯ ಲಸಿಕೆ ಮೈಗೆ ತೋರಿಸಿದ್ದು ನುಗ್ಗಿದ ಮೇಲಿನ ಆಕಾರ. ಕಳ್ಳ ಮನೆ ಹೊಕ್ಕು ವೇಷ ಬದಲಿಸಿದ ಮೇಲಿನ ಚಿತ್ರ ಕೊಟ್ಟು, ಅವನನ್ನು ಅಗಸಿ ಬಾಗಿಲಲ್ಲಿ ಹಿಡಿಯಿರಿ ಅಂದ ಹಾಗೆ. 2013ರಲ್ಲಿ ಜೇಸನ್ ಮೆಕ್ಲೆಲನ್, ಬಾರ್ನಿ ಗ್ರಹಾಂ ಮತ್ತವರ ಜೊತೆಯವರು ಮೊದಲ ಆಕಾರವನ್ನು ಸ್ಪಷ್ಟವಾಗಿ ಕಂಡು, ಅದನ್ನು ಹಾಗೆಯೇ ನಿಲ್ಲಿಸುವ ದಾರಿ ಹುಡುಕಿದರು. ಹತ್ತು ವರ್ಷದ ನಂತರ, 2023ರಲ್ಲಿ, ಅರವತ್ತು ದಾಟಿದವರಿಗೆ ಮತ್ತು ಗರ್ಭಿಣಿಯರಿಗೆ ಲಸಿಕೆಗಳು ಅಮೆರಿಕದಲ್ಲಿ ಒಪ್ಪಿಗೆ ಪಡೆದವು.

ಕೂಸನ್ನು ಕಾಯಲು ಈಗ ಎರಡು ದಾರಿ. ಒಂದು, ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಒಂದು ಸೂಜಿ. ಅವಳ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ಇಳಿಯುತ್ತವೆ. ಎರಡನೆಯದು, ಹುಟ್ಟಿದ ಕೂಸಿಗೇ ಸಿದ್ಧ ಪ್ರತಿಕಾಯದ ಸೂಜಿ. ಅದರ ಹೆಸರು ನಿರ್ಸೆವಿಮ್ಯಾಬ್. ಲಸಿಕೆ ಅಂದರೆ ಬಿತ್ತಲು ಕಲಿಸುವುದು, ಇದು ಕಾಳನ್ನೇ ಕಡ ಕೊಡುವುದು. ಕಡ ಕೊಟ್ಟದ್ದು ಕೆಲವು ತಿಂಗಳಿಗೆ ತೀರುತ್ತದೆ, ಆದರೆ ಅಪಾಯದ ತಿಂಗಳುಗಳೂ ಅವೇ. ತಾಯಿಗೆ ಕೊಡುವ ಲಸಿಕೆಯ ದೊಡ್ಡ ಪರೀಕ್ಷೆಯಲ್ಲಿ 18 ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಿದ್ದರು. ಕೂಸಿನ ಮೊದಲ ಮೂರು ತಿಂಗಳಲ್ಲಿ ತೀವ್ರ ರೋಗ 100ಕ್ಕೆ 82ರಷ್ಟು ಕಡಿಮೆಯಾಯಿತು, ಆರು ತಿಂಗಳ ತನಕ ನೋಡಿದರೆ 69ರಷ್ಟು.

ಇಲ್ಲಿ ನೀತಿಯ ಪ್ರಶ್ನೆ ಏಳುತ್ತದೆ. ಒಬ್ಬರಿಗಾಗಿ ಇನ್ನೊಬ್ಬರ ತೋಳಿಗೆ ಸೂಜಿ ಚುಚ್ಚಬಹುದೇ? ತಾಯಿಗೆ ಇದರಿಂದ ಆಗುವ ಲಾಭ ಸ್ವಲ್ಪ, ನೋವು-ಜ್ವರ ಅವಳ ಪಾಲಿನದು. “ತಾಯಿ ಅಂದಮ್ಯಾಲ ಮಾಡ್ಬೇಕಲ್ಲ” ಅಂತ ಗಂಡಸರು ಬಹಳ ಸಲೀಸಾಗಿ ಹೇಳುತ್ತೇವೆ. ಅಷ್ಟು ಸಲೀಸಾಗಿ ಹೇಳಬಾರದು. ಹೊಸದೇನಲ್ಲ ಇದು, ನಿಜ. ಧನುರ್ವಾಯುವಿನ ಸೂಜಿಯನ್ನು ನಮ್ಮ ಹೆಣ್ಣುಮಕ್ಕಳು ದಶಕಗಳಿಂದ ಹೊಟ್ಟೆಯ ಕೂಸಿಗಾಗಿ ಹಾಕಿಸಿಕೊಳ್ಳುತ್ತ ಬಂದಿದ್ದಾರೆ. ಹುಟ್ಟಿ ಏಳೆಂಟು ದಿನಕ್ಕೆ ಕೂಸು ಸೆಟೆದು ಸಾಯುತ್ತಿದ್ದ ಕಾಲ ಹೋಯಿತು. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು 2015ರಲ್ಲಿ ಘೋಷಣೆಯಾಯಿತು. ಅದರ ಶ್ರೇಯ ಕಾರ್ಯಕ್ರಮಕ್ಕೆ ಹೋಯಿತು, ತೋಳು ಕೊಟ್ಟವರಿಗೆ ಹೋಗಲಿಲ್ಲ.

ನನ್ನ ವಿಚಾರ ಹೀಗಿದೆ. ತಾಯಿಯನ್ನು ಕೇಳಬಹುದು, ಕೇಳಲೇಬೇಕು, ಆದರೆ ಅಪ್ಪಣೆ ಮಾಡಬಾರದು. ಕೇಳುವುದಕ್ಕೂ ಅಪ್ಪಣೆಗೂ ನಡುವಿನ ವ್ಯತ್ಯಾಸ ಅವಳ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿದೆ. ಆ ದೊಡ್ಡ ಪರೀಕ್ಷೆಯಲ್ಲಿ ಲಸಿಕೆ ಪಡೆದವರಲ್ಲಿ ಅವಧಿಗೆ ಮುನ್ನ ಹೆರಿಗೆ ತುಸು ಹೆಚ್ಚು ಕಂಡಿತ್ತು. ಅದು ಲಸಿಕೆಯಿಂದಲೇ ಆಯಿತೆಂದು ಸಿದ್ಧವಾಗಲಿಲ್ಲ. ಆದರೂ ಎಚ್ಚರಿಕೆಗಾಗಿ ಅಮೆರಿಕದಲ್ಲಿ 32ರಿಂದ 36ನೇ ವಾರದ ನಡುವೆ ಮಾತ್ರ ಕೊಡುವುದೆಂದು ಗೊತ್ತು ಮಾಡಿದರು. ಹಿರಿಯರ ಲಸಿಕೆಯಲ್ಲಿ ಬಹಳ ಅಪರೂಪಕ್ಕೆ ನರಗಳ ದುರ್ಬಲತೆಯ ಒಂದು ಕಾಯಿಲೆ ಕಂಡದ್ದರಿಂದ 2025ರಲ್ಲಿ ಅದರ ಎಚ್ಚರಿಕೆಯನ್ನೂ ಬರೆಸಿದರು. ಇದನ್ನೆಲ್ಲ ಹೇಳಿದರೆ ಜನ ಹೆದರುತ್ತಾರೆ, ಹೇಳಬ್ಯಾಡ್ರಿ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೇಳದೇ ಇದ್ದದ್ದು ಆಮೇಲೆ ಹೊರಬಿದ್ದರೆ ಹುಟ್ಟುವ ಹೆದರಿಕೆ ಇದಕ್ಕಿಂತ ದೊಡ್ಡದು. 1897ರ ಜನವರಿಯಲ್ಲಿ ಪ್ಲೇಗಿನ ಲಸಿಕೆ ಮಾಡಿದ ಹಾಫ್ಕಿನ್ ಮುಂಬಯಿಯಲ್ಲಿ ಅದನ್ನು ಮೊದಲು ಚುಚ್ಚಿಕೊಂಡದ್ದು ತನ್ನ ಮೈಗೇ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹೊಕ್ಕಾಗ ಸಾವಿರಾರು ಜನ ಆ ಲಸಿಕೆಗೆ ತೋಳು ಮುಂದೆ ಮಾಡಿದರು. ಇನ್ನೊಬ್ಬರ ಮೈ ಕೇಳುವವನು ಮೊದಲು ತನ್ನ ಮೈ ಮುಂದಿಡಬೇಕು, ಇಲ್ಲವೆ ಕನಿಷ್ಠ ತನಗೆ ಗೊತ್ತಿದ್ದದ್ದೆಲ್ಲ ಮುಂದಿಡಬೇಕು.

ಉತ್ತರ ಕೊಡುವುದು ಅಂದೆ. ಯಾವ ಭಾಷೆಯಲ್ಲಿ? ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. ತಾಯಿ-ಮಗುವಿನ ಕಾರ್ಡು ಮರಾಠಿಯಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ, ಅಥಣಿಯ ಕಡೆಯಿಂದ ಸೊಸೆಯಾಗಿ ಬಂದ ಹುಡುಗಿ ಅದನ್ನು ದೇವರ ಫೋಟೋದ ಹಿಂದೆ ಭದ್ರವಾಗಿ ಇಟ್ಟಿರುತ್ತಾಳೆ, ಓದಿರುವುದಿಲ್ಲ. ಮರಾಠಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ನಮ್ಮ ಊಟದ ಭಾಷೆಯೂ ಹೌದು. ಆದರೆ ತನ್ನ ಮೈಗೆ ಏನು ಹೋಗುತ್ತಿದೆ ಎಂಬುದನ್ನು ತನ್ನ ಮಾತಿನಲ್ಲಿ ಕೇಳಿ ತಿಳಿಯದವಳ ‘ಹೂಂ’ ಒಪ್ಪಿಗೆಯಲ್ಲ, ಬರೀ ವಿಧೇಯತೆ. ನಮ್ಮ ವಾಚನಾಲಯದ ಹುಡುಗರು ಆ ಕಾರ್ಡಿನ ಮಾತುಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿದರೂ ದೊಡ್ಡ ಕೆಲಸವಾದೀತು.

ಇನ್ನು ಹಿರಿಯರು. ಆರ್‌ಎಸ್‌ವಿ ಎರಡೂ ತುದಿಯನ್ನು ಹಿಡಿಯುತ್ತದೆ. ತೊಟ್ಟಿಲನ್ನೂ, ಕೋಲು ಹಿಡಿದವರನ್ನೂ. ಹೃದಯದ ಕಾಯಿಲೆ, ದಮ್ಮು, ಸಕ್ಕರೆ ಕಾಯಿಲೆ ಇದ್ದ ಮುದುಕರಿಗೆ ಇದು ನ್ಯುಮೋನಿಯಾ ಆಗಿ ತಿರುಗಬಹುದು. ಜೀವಮಾನವೆಲ್ಲ ಕಟ್ಟಿಗೆಯ ಒಲೆ ಊದಿದ ಅಜ್ಜಿಯ ಎದೆ ಮೊದಲೇ ಸೋತಿರುತ್ತದೆ. ಆದರೆ ಮುದುಕರು ಕೆಮ್ಮಿ ಸತ್ತರೆ ಯಾವ ಪರೀಕ್ಷೆಯೂ ಆಗುವುದಿಲ್ಲ. ‘ವಯಸ್ಸಾಗಿತ್ತು’ ಎಂಬುದೇ ರೋಗದ ಹೆಸರು. ಅರವತ್ತು ದಾಟಿದವರ ಒಂದು ಲಸಿಕೆಯ ಪರೀಕ್ಷೆಯಲ್ಲಿ ಎದೆಗಿಳಿಯುವ ರೋಗ ಮೊದಲ ಹಂಗಾಮಿನಲ್ಲಿ 100ಕ್ಕೆ 82ರಷ್ಟು ಕಡಿಮೆಯಾಗಿತ್ತು.

“ನನಗ್ಯಾಕೋ ತಮ್ಮಾ ಆ ಸೂಜಿ? ನಾ ಉಂಡು ಎದ್ದಾಕಿ. ಕೂಸಿಗೆ ಕೊಡ್ರಿ” ಅಂತ ಹೇಳುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಆ ಮಾತು ಕೇಳಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ಹಣ್ಣೆಲೆ ಉದುರುವುದು, ಚಿಗುರೆಲೆ ನಗುವುದು ಲೋಕದ ರೀತಿ ಅಂತ ನಮ್ಮ ಗಾದೆಯೂ ಹೇಳುತ್ತದೆ. ಆದರೆ ನೋಡ್ರಿ, ಅದೇ ಮಾತನ್ನು ಅಜ್ಜಿಯ ಬಾಯಿಂದ ತೆಗೆದು ಮಗನ ಬಾಯಲ್ಲಿ ಇಟ್ಟರೆ ಏನಾಗುತ್ತದೆ? “ಆಕಿಗ್ಯಾಕ ಬಿಡ್ರಿ, ಉಂಡು ಎದ್ದಾಕಿ.” ಶಬ್ದ ಅವೇ, ಆದರೆ ಮೊದಲನೆಯದು ತ್ಯಾಗ, ಎರಡನೆಯದು ತಿರಸ್ಕಾರ. ತನ್ನ ಪಾಲನ್ನು ತಾನು ಬಿಟ್ಟುಕೊಡಬಹುದು, ಇನ್ನೊಬ್ಬರ ಪಾಲನ್ನು ಬಿಟ್ಟುಕೊಡುವ ಹಕ್ಕು ಯಾರಿಗೂ ಇಲ್ಲ. ಮಗನಿಗಿಲ್ಲ, ಸರಕಾರಕ್ಕೂ ಇಲ್ಲ.

ಹಾಗಾದರೆ ರೊಕ್ಕ ಒಬ್ಬರಿಗೆ ಮಾತ್ರ ಸಾಲುವಷ್ಟಿದ್ದರೆ? ಆಗ ಕೂಸಿನಿಂದ ಶುರು ಮಾಡಬೇಕು ಅಂತ ನಾನು ಹೇಳುತ್ತೇನೆ. ಕೂಸಿನ ಜೀವಕ್ಕೆ ಬೆಲೆ ಹೆಚ್ಚು, ಅಜ್ಜಿಯದಕ್ಕೆ ಕಡಿಮೆ ಎಂದಲ್ಲ. ಕೂಸಿಗೆ ಸರದಿಯೇ ಇನ್ನೂ ಬಂದಿಲ್ಲ, ಮತ್ತು ಅದು ಬಾಯಿಬಿಟ್ಟು ಕೇಳಲಾರದು. ಅಜ್ಜಿ ತನ್ನ ಸಲುವಾಗಿ ವಾದ ಮಾಡಬಲ್ಲಳು. ಮಾಡದಿದ್ದರೆ ಅದು ಅವಳ ದೊಡ್ಡತನ. ಆದರೆ ‘ಶುರು ಮಾಡಬೇಕು’ ಅಂದರೆ ‘ಅಲ್ಲಿಗೇ ಮುಗಿಸಬೇಕು’ ಎಂದಲ್ಲ.

ರೊಕ್ಕದ ಮಾತು ಬಂತು. ಅಮೆರಿಕದಲ್ಲಿ ಈ ಲಸಿಕೆ ಬಂದಾಗ ಒಂದು ಡೋಸಿನ ಬೆಲೆ ಸುಮಾರು 300 ಡಾಲರು, ಕೂಸಿನ ಪ್ರತಿಕಾಯದ್ದು ಸುಮಾರು 500. ನಮ್ಮ ತಾಲೂಕಿನ ಟೋಳಿಗಳು ದೀಪಾವಳಿಯ ಹೊತ್ತಿಗೆ ಎಳೆಗೂಸುಗಳನ್ನು ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತವೆ. ಗದ್ದೆಯ ಬದುವಿನ ಕೊಪ್ಪಿಯಲ್ಲಿ, ಥಂಡಿಯಲ್ಲಿ, ಹೊಗೆಯಲ್ಲಿ ಮಲಗುವ ಆ ಕೂಸುಗಳಿಗೇ ಇದು ಎಲ್ಲರಿಗಿಂತ ಹೆಚ್ಚು ಬೇಕು. ಎಲ್ಲರಿಗಿಂತ ಕಡೆಗೆ ಸಿಗುವುದೂ ಅವಕ್ಕೇ. ಈಗ ಹಾಕುವ ಉಚಿತ ಲಸಿಕೆಗಳೇ ಅವಕ್ಕೆ ತಪ್ಪಿ ಹೋಗುತ್ತವೆ. ತಾರೀಖು ಬಂದಾಗ ಊರಲ್ಲಿ ಇರುವುದಿಲ್ಲ, ಇದ್ದಲ್ಲಿ ಹೆಸರಿರುವುದಿಲ್ಲ. ಜಾಗತಿಕ ಆರೋಗ್ಯ ಸಂಸ್ಥೆ 2025ರ ಮೇ ತಿಂಗಳಲ್ಲಿ, ತಾಯಿಯ ಲಸಿಕೆ ಇಲ್ಲವೆ ಕೂಸಿನ ಪ್ರತಿಕಾಯ, ಎರಡರಲ್ಲಿ ಒಂದನ್ನು ಎಲ್ಲ ದೇಶಗಳೂ ತರಬೇಕೆಂದು ಹೇಳಿತು. ನಮ್ಮ ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಇನ್ನೂ ಇಲ್ಲ.

ಒಂದು ಲಸಿಕೆ ಇಲ್ಲದಿದ್ದಾಗ ಆದ ಸಾವನ್ನು ಹಣೆಬರಹ ಅನ್ನಬಹುದು. ನಮ್ಮ ಹಿರಿಯರು ಹಾಗಂದದ್ದು ಸುಳ್ಳಲ್ಲ. ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ಲಸಿಕೆ ಜಗತ್ತಿನಲ್ಲಿ ಇದ್ದು, ದೂರದ ಒಂದು ಊರಿನ ಕೂಸಿಗೆ ಸಿಕ್ಕು, ನಮ್ಮ ಊರಿನ ಕೂಸಿಗೆ ಸಿಗದೆ ಆದ ಸಾವಿಗೆ ಅದೇ ಹೆಸರು ಸಲ್ಲುವುದಿಲ್ಲ. ಆ ಬರಹವನ್ನು ಬ್ರಹ್ಮ ಬರೆದಿಲ್ಲ. ಬೆಲೆ ಗೊತ್ತು ಮಾಡಿದವರು, ಪಟ್ಟಿ ಮಾಡಿದವರು, ಕೇಳದೇ ಸುಮ್ಮನಿದ್ದವರು ಸೇರಿ ಬರೆದದ್ದು. ಸುಮ್ಮನಿದ್ದವರೊಳಗೆ ನಾವೂ ಬರುತ್ತೇವೆ.

ಕೇಳಿದರೆ ಸಿಗುತ್ತದೆಯೇ? ಸಿಕ್ಕ ಉದಾಹರಣೆ ಇದೆ. ನ್ಯುಮೊಕಾಕಲ್ ಲಸಿಕೆ ವರ್ಷಾನುಗಟ್ಟಲೆ ಖಾಸಗಿ ದವಾಖಾನೆಯಲ್ಲಿ ಸಾವಿರಾರು ರೂಪಾಯಿ ಕೊಡಬಲ್ಲವರ ಮಕ್ಕಳಿಗಷ್ಟೇ ಇತ್ತು. 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸರಕಾರದಿಂದ ಶುರುವಾಗಿ, 2021ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಅದರ ಹಿಂದಿನ ವರ್ಷ ಪುಣೆಯಲ್ಲೇ ಅಗ್ಗದ ಲಸಿಕೆಯೊಂದು ತಯಾರಾಗಿತ್ತು. ಇವತ್ತು ನಮ್ಮ ಉಪಕೇಂದ್ರದಲ್ಲಿ ಅದು ಪುಕ್ಕಟೆ. ಶ್ರೀಮಂತರ ಸೂಜಿ ಎಲ್ಲರ ಸೂಜಿಯಾಗಬಹುದು. ಎಷ್ಟು ಬೇಗ ಎಂಬುದೊಂದೇ ಪ್ರಶ್ನೆ, ಆದರೆ ತಡವಾದ ಪ್ರತಿ ವರ್ಷಕ್ಕೂ ಕೂಸುಗಳ ಲೆಕ್ಕವಿದೆ.

ಅದು ಬರುವ ತನಕ ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ಕೂಡುವುದೂ ಧರ್ಮವಲ್ಲ. ಬಾಣಂತಿಯ ಮನೆಗೆ ಕೂಸು ನೋಡಲು ಹೋಗುವಾಗ ನೆಗಡಿಯಿದ್ದರೆ ಹೋಗಬಾರದು. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಕೂಸಿನ ಮುಖಕ್ಕೆ ಮುದ್ದು ಕೊಡುವುದನ್ನು ಬಿಡಬೇಕು, ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಬೇಕು. ಈ ವೈರಾಣು ಕೈಯಿಂದಲೂ ಮುಟ್ಟಿದ ಸಾಮಾನಿನಿಂದಲೂ ದಾಟುತ್ತದೆ. ಒಲೆಯ ಹೊಗೆ, ಬೀಡಿಯ ಹೊಗೆ ತೊಟ್ಟಿಲ ಹತ್ತಿರ ಸುಳಿಯಬಾರದು. ಎದೆಹಾಲು ತಪ್ಪಿಸಬಾರದು. ಕೂಸಿನ ಉಸಿರು ಎಣಿಸುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು: ಅದು ಸುಮ್ಮನಿದ್ದಾಗ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದ ತನಕ 40; ಉಸಿರು ಇಷ್ಟಾದರೆ ಅಥವಾ ಇದನ್ನು ದಾಟಿದರೆ, ಇಲ್ಲವೆ ಎದೆಗೂಡು ಒಳಗೆ ಸೇದಿದರೆ, ಮೊಲೆ ಬಿಟ್ಟರೆ, ತುಟಿ ನೀಲಿಯಾದರೆ ಬೆಳಗಿನ ಬಸ್ಸಿಗೆ ನಿಲ್ಲಬಾರದು, ಆ ಗಳಿಗೆಗೇ ಹೊರಡಬೇಕು. 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ. ಇದಿಷ್ಟಕ್ಕೆ ರೊಕ್ಕ ಬೇಡ.

ಮತ್ತು ಗ್ರಾಮಸಭೆಯಲ್ಲಿ ರಸ್ತೆ, ನೀರು, ಗಟಾರದ ಜೊತೆಗೆ ಈ ಒಂದು ವಿಷಯವನ್ನೂ ಎತ್ತಬೇಕು: ತಾಯಂದಿರಿಗೆ ಆರ್‌ಎಸ್‌ವಿ ಸೂಜಿ ಯಾವಾಗ ಕೊಡುತ್ತೀರಿ? ಕಬ್ಬಿಗೆ ಹೋದವರ ಮಕ್ಕಳ ಲಸಿಕೆ ಯಾರ ಪುಸ್ತಕದಲ್ಲಿ ಬರೆಯುತ್ತೀರಿ? ಉತ್ತರ ಬರುವ ತನಕ ಪ್ರತಿ ಸಭೆಯಲ್ಲೂ ಕೇಳಬೇಕು. ಕೂಸು ತನ್ನ ಸಲುವಾಗಿ ಗ್ರಾಮಸಭೆಗೆ ಬಂದು ಕೈಯೆತ್ತಲಾರದು. ಅದರ ಪಾಲಿನ ಕೈಯನ್ನು ನಾವೇ ಎತ್ತಬೇಕು.